ಎಲ್ಲ ಮುಗಿದ ಮೇಲೆ ಬಣ್ಣ ಬಳಿಯೋಕೆ ಕರೀತಾರಲ್ಲ, ಅದಕ್ಕೆ ಸಿಟ್ಟು

ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ. ಆಟೋದಲ್ಲಿ ಹೋಗುವಾಗ ನಮ್ಮ ಗೋಡೆ ಕಂಡಿತು, ನಿಲ್ಲಿಸಿ ಇಳಿದೆ. ನಮ್ಮ ಗೋಡೆ ಅಂದರೆ ನಿಮಗೆ ಗೊತ್ತಲ್ಲ, ಮೂರು ವರ್ಷದ ಹಿಂದೆ ನಾನು ಮತ್ತು ನನ್ನ ಶಾಲೆಯ ಹನ್ನೊಂದು ಮಕ್ಕಳು ಎರಡು ಭಾನುವಾರ ಬಿಸಿಲಲ್ಲಿ ನಿಂತು, ನಮ್ಮ ಮಲೆನಾಡಲ್ಲಿ ಮದುವೆ ಮನೆ ಗೋಡೆಗೆ ಬರೆಯುವ ಹಸೆ ಚಿತ್ತಾರ ಬರೆದ ಗೋಡೆ. ಆಗ ಲೈಕ್ ಒತ್ತಿದವರೆಲ್ಲ ಇಲ್ಲೇ ಇದ್ದೀರಿ. ಈಗ ಚಿತ್ತಾರದ ದಂಡಿಗೆಯ, ಅಂದರೆ ಪಲ್ಲಕ್ಕಿಯ, ನಡುಮಧ್ಯಕ್ಕೆ ತೂತು ಕೊರೆದು ಒಂದು ಪಿವಿಸಿ ಪೈಪ್ ಹೊರಗೆ ಬಿಟ್ಟಿದ್ದಾರೆ. ನೀರು ತೊಟ್ಟಿಕ್ಕಿ ಕೆಳಗಿನ ಭತ್ತದ ತೆನೆಯೆಲ್ಲ ಪಾಚಿ.

ಚಿತ್ರ ಬರೆಸಿದ ಕಚೇರಿಗೆ ಫೋನ್ ಮಾಡಿದೆ. ಯಾವುದು ಅಂತ ಕೇಳಬೇಡಿ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. "ಮೇಡಂ, ಚಿತ್ರದ್ದು ನಮ್ದು. ಪೈಪ್ ನಮ್ದಲ್ಲ" ಅಂದರು. ಎಷ್ಟು ಚೆನ್ನಾಗಿ ಹೇಳಿದರು ನೋಡಿ!

ಚಿತ್ರದವರು, ಪೈಪಿನವರು ಹೀಗೆ ಬೇರೆ ಬೇರೆ ಆಗಿರೋದೇ ತಪ್ಪು ಅಂತ ನನ್ನ ಅಣ್ಣನ ಮಗಳು ಹೇಳಿದಾಗ ಮನೆಯವರೆಲ್ಲ ನಕ್ಕಿದ್ದರು. ಆರ್ಕಿಟೆಕ್ಚರ್ ಮುಗಿಸಿದ್ದಾಳೆ, ಈಗ ಅಮೆರಿಕಕ್ಕೆ ಅರ್ಜಿ ಹಾಕುತ್ತಿದ್ದಾಳೆ. ನಗರ ಯೋಜನೆ ಒಂದು, ಸಾರ್ವಜನಿಕ ಕಲೆಯ ಕ್ಯುರೇಶನ್ (ಯಾವ ಕಲೆ ಎಲ್ಲಿರಬೇಕು ಅಂತ ಆರಿಸಿ ನೋಡಿಕೊಳ್ಳೋದು) ಇನ್ನೊಂದು, ಎರಡೂ ಮಾಸ್ಟರ್ಸ್ ಒಟ್ಟಿಗೆ. ಬೇರೆ ಬೇರೆ ಓದಿದರೆ ನಾಲ್ಕು ವರ್ಷ. ಕೆಲವು ವಿಷಯ ಎರಡಕ್ಕೂ ಲೆಕ್ಕಕ್ಕೆ ಬರೋದರಿಂದ ಹೀಗೆ ಜೋಡಿಸಿದ ಕೋರ್ಸುಗಳು ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತವೆ. ಗದ್ದೆ ಪೂಜೆಯ ಭೂಮಿ ಹುಣ್ಣಿಮೆಗೆ ಊರಿಗೆ ಬಂದಾಗ ಚಿಕ್ಕಪ್ಪ, "ಅಲ್ಲ ಕಣೆ, ಚಿತ್ರ ಬಿಡಿಸೋಕೂ ರಸ್ತೆ ಮಾಡೋಕೂ ಎಲ್ಲಿಂದೆಲ್ಲಿ ಸಂಬಂಧ?" ಅಂದರು. ಅವರ ಪಕ್ಕದಲ್ಲೇ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಇತ್ತು. ಗದ್ದೆಗೆ ಹೊತ್ತುಕೊಂಡು ಹೋಗೋ ಬುಟ್ಟಿ! ನಮ್ಮಜ್ಜಿ ಪುಂಡಿನಾರಿನ ಕುಂಚ ಹಿಡಿದು ಸಿಕ್ಕ ಸಿಕ್ಕ ಗೋಡೆಗೆ ಹಸೆ ಬರೆಯುತ್ತಿರಲಿಲ್ಲ. ಮದುಮಕ್ಕಳು ಎಲ್ಲಿ ಕೂರುತ್ತಾರೆ ಅಂತ ಮೊದಲು ನೋಡುತ್ತಿದ್ದಳು. ಅಷ್ಟೇ ಸಂಬಂಧ.

"ಮೊದಲು ಚರಂಡಿ ಸರಿ ಮಾಡಲಿ, ಆಮೇಲೆ ಕಲೆ" ಅಂತ ಕಾಮೆಂಟ್ ಹಾಕೋಕೆ ಕೆಲವರು ಬೆರಳು ಮಡಿಸಿ ಕೂತಿರುತ್ತೀರಿ. ಹಾಕಿ. ನಾನು ಹೇಳುತ್ತಿರೋದೂ ಅದನ್ನೇ. ಚರಂಡಿ ಎಲ್ಲಿ ಬರುತ್ತೆ ಅಂತ ಮಾತಾಡುವ ದಿನವೇ ಚಿತ್ರದವರನ್ನೂ ಕೂರಿಸಿದ್ದರೆ ಒಂದೇ ಗೋಡೆಗೆ ಎರಡು ಸಲ ದುಡ್ಡು ಹೋಗುತ್ತಿತ್ತಾ? ಫಿಲಡೆಲ್ಫಿಯಾದಲ್ಲಿ 1959ರಲ್ಲೇ ಕಟ್ಟಡದ ಖರ್ಚಿನಲ್ಲಿ ಶೇಕಡಾ 1 ಕಲೆಗೆ ಅಂತ ನಿಯಮ ಮಾಡಿದರು. ಅಂದರೆ ಪಾಯ ಹಾಕುವಾಗಲೇ ಕಲೆಯ ಲೆಕ್ಕ. ನಮ್ಮಲ್ಲಿ ಉದ್ಘಾಟನೆಗೆ ನಾಲ್ಕು ದಿನ ಇದ್ದಾಗ ಫೋನ್ ಬರುತ್ತೆ.

ಹಾಗಂತ ಕಲಾವಿದರೆಲ್ಲ ಸಾಚಾ ಅಲ್ಲ. ನ್ಯೂಯಾರ್ಕಿನ ಒಂದು ಸರ್ಕಾರಿ ಕಚೇರಿಯ ಅಂಗಳದಲ್ಲಿ 1981ರಲ್ಲಿ ಶಿಲ್ಪಿ ರಿಚರ್ಡ್ ಸೆರಾ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ ನಿಲ್ಲಿಸಿದ. ಜನ ದಿನಾ ಅದನ್ನು ಸುತ್ತು ಹಾಕಿ ಕೆಲಸಕ್ಕೆ ಹೋಗಬೇಕು. ಜಗಳ, ವಿಚಾರಣೆ, ಕೋರ್ಟು ಎಲ್ಲ ಆಗಿ 1989ರಲ್ಲಿ ಕತ್ತರಿಸಿ ತೆಗೆದರು. ಜನ ಎಲ್ಲಿ ನಡೀತಾರೆ ಅಂತ ಕಲೆಯವರೂ ಓದಬೇಕು ಅನ್ನೋದು ಇದಕ್ಕೇ. ನಮ್ಮಲ್ಲೂ ಕಥೆ ಇದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ದೊಡ್ಡ ಉಬ್ಬುಶಿಲ್ಪವನ್ನು 1979ರಲ್ಲಿ ಒಂದು ಮಾತು ಕೇಳದೆ ಕಿತ್ತು ಗೋದಾಮಿಗೆ ಹಾಕಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದದ್ದನ್ನು ವಾಪಸ್ ಕೊಡಿ, 5 ಲಕ್ಷ ಪರಿಹಾರ ಕೊಡಿ ಅಂದಿತು. 26 ವರ್ಷ! ನನ್ನ ಪೈಪಿಗೆ ಅಷ್ಟು ಆಯಸ್ಸು ನನಗಿಲ್ಲ.

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಬರೆಯುವ ಮೊದಲ ದಿನವೇ ಆ ಗೋಡೆಗೆ ಅಂಗೈ ಇಟ್ಟು ನೋಡಿದ್ದೆ. ತಣ್ಣಗಿತ್ತು. ಒಳಗೆ ನೀರು ಜಿನುಗುತ್ತಿದೆ ಅಂತ ಮಲೆನಾಡಲ್ಲಿ ಹುಟ್ಟಿದವಳಿಗೆ ಗೊತ್ತಾಗಲ್ವಾ? ಬಾಯಿ ಬಿಟ್ಟರೆ ಕೆಲಸ ಫ್ಲೆಕ್ಸ್ ಪ್ರಿಂಟ್‌ನವರಿಗೆ ಹೋಗುತ್ತೆ ಅಂತ ಸುಮ್ನಿದ್ದೆ. ಮೇಜಿನ ಮೇಲೆ ನಕ್ಷೆ ಬಿಡಿಸಿಟ್ಟಿದ್ದರು, ಅದನ್ನೂ ಕೇಳಿ ನೋಡಲಿಲ್ಲ. ಕೇಳಿದ್ದರೂ ಅಷ್ಟೇ. ಮೂವತ್ತು ವರ್ಷ ಡ್ರಾಯಿಂಗ್ ಟೀಚರ್ ಆಗಿ ಒಂದು ನಕ್ಷೆ ಓದೋಕೆ ಬರಲ್ಲ ನನಗೆ. ನಕ್ಷೆ ಬರೆದವರಿಗೆ ಹಸೆ ಓದೋಕೆ ಬರಲ್ಲ. ಎರಡೂ ಬರುವವಳು ಒಬ್ಬಳು ನಮ್ಮನೆಯಲ್ಲೇ ತಯಾರಾಗುತ್ತಿದ್ದರೆ ನಾವು ಕೂತು ನಗುತ್ತೇವೆ.

ರಾತ್ರಿ ಅವಳಿಗೆ ಫೋನ್ ಮಾಡಿ ಗೊಣಗಿದೆ. "ಅತ್ತೆ, ಪೈಪಿನ ಫೋಟೋ ಇದ್ದರೆ ಕಳಿಸಿ, ಅರ್ಜಿ ಜೊತೆ ಹಾಕ್ತೀನಿ" ಅಂದಳು. ನನ್ನ ಸಂಕಟ ಇವಳಿಗೆ ಸಾಮಗ್ರಿ! ಕಳಿಸಿದೆ. ಫೋಟೋ ಸ್ವಲ್ಪ ಅಲುಗಾಡಿದೆ. ಪೂರ್ತಿ ಗೋಡೆ ಬರಲಿ ಅಂತ ಹಿಂದೆ ಹಿಂದೆ ಸರಿದು ಚರಂಡಿಗೆ ಕಾಲು ಇಟ್ಟೆ. ಒಂದು ಚಪ್ಪಲಿ ಹೋಯಿತು.