ಶಸ್ತ್ರಚಿಕಿತ್ಸೆಯಲ್ಲಿ ಚೆಲ್ಲಿದ ಸ್ವಂತ ರಕ್ತವನ್ನು ಸೆಲ್ ಸೇವರ್ ಯಂತ್ರದಲ್ಲಿ ತೊಳೆದು ಯಾವಾಗ ಮರಳಿ ಏರಿಸಬೇಕು?

ಪರ

ಮಂಗಳೂರಿನಲ್ಲಿ ಏಪ್ರಿಲ್-ಮೇ ತಿಂಗಳ ರಜೆಗೆ ವಿದ್ಯಾರ್ಥಿಗಳು ಊರಿಗೆ ಹೊರಟರೆ ರಕ್ತದಾನ ಶಿಬಿರಗಳು ಸೊರಗುತ್ತವೆ. ನೆಗೆಟಿವ್ ಗುಂಪಿನ ಒಂದು ಚೀಲಕ್ಕಾಗಿ ರೋಗಿಯ ಮನೆಯವರು ಉಡುಪಿ, ಮಣಿಪಾಲಕ್ಕೆಲ್ಲ ಫೋನು ಹಚ್ಚುತ್ತಾರೆ. ಅದೇ ಹೊತ್ತಿನಲ್ಲಿ ಆ ರೋಗಿಯದೇ ರಕ್ತ ಆಪರೇಷನ್ ಥಿಯೇಟರಿನಲ್ಲಿ ಗಾಯದಿಂದ ಹೀರಿದ್ದನ್ನು ತುಂಬುವ ಸಕ್ಷನ್ ಬಾಟಲಿಯಲ್ಲಿ ವ್ಯರ್ಥವಾಗುತ್ತಿರುತ್ತದೆ. ಸೆಲ್ ಸೇವರ್ ಯಂತ್ರವು ಹೀರಿದ ರಕ್ತಕ್ಕೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿ, ಸೋಸಿ, ಬಟ್ಟಲಲ್ಲಿ ಗಿರ್ರನೆ ತಿರುಗಿಸುತ್ತದೆ. ಕೆಂಪು ಕಣಗಳು ಬಟ್ಟಲಿನ ಅಂಚಿಗೆ ಒತ್ತಿಕೊಂಡು, ಸಲೈನಿನಲ್ಲಿ ತೊಳೆದಂತೆಲ್ಲ ಹೊರಹೋಗುವ ನೀರಿನ ಕೆಂಪು ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ.

ವಯಸ್ಕರಲ್ಲಿ 500 ಮಿ.ಲೀ.ಗಿಂತ ಹೆಚ್ಚು ರಕ್ತ ಹೋಗುವ ಅಂದಾಜಿದ್ದರೆ ಈ ಯಂತ್ರವನ್ನು ಪರಿಗಣಿಸಬೇಕೆಂದು ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘದ 2018ರ ಮಾರ್ಗಸೂಚಿ ಹೇಳುತ್ತದೆ. ಮೊದಲು ಸಂಗ್ರಹದ ಡಬ್ಬಿಯನ್ನಷ್ಟೇ ಜೋಡಿಸಿಟ್ಟು, ರಕ್ತ ಸಾಕಷ್ಟು ಬಂದರೆ ಮಾತ್ರ ತೊಳೆಯುವ ಕಿಟ್ ಬಿಚ್ಚಬಹುದಾದ್ದರಿಂದ ದುಬಾರಿಯೆಂಬ ಆಕ್ಷೇಪ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ತೊಳೆದ ಮೇಲೆ ತಡಮಾಡುವುದರಲ್ಲಿ ಅರ್ಥವಿಲ್ಲ. ಅದು 4 ಗಂಟೆಯೊಳಗೆ ದೇಹ ಸೇರಬೇಕಾದ ರಕ್ತ, ಫ್ರಿಜ್ಜಿನಲ್ಲಿಟ್ಟು ನಾಳೆ ನೋಡುವಂಥದ್ದಲ್ಲ. 1952ರಲ್ಲಿ ಮೊದಲು ವರದಿಯಾದ, ತೀರಾ ಅಪರೂಪದ ‘ಬಾಂಬೆ’ ರಕ್ತದ ಗುಂಪಿನವರಿಗಂತೂ ಓ ಗುಂಪಿನ ರಕ್ತವೂ ಹೊಂದುವುದಿಲ್ಲ. ಅಂಥವರ ಶಸ್ತ್ರಚಿಕಿತ್ಸೆಗೆ ಯಂತ್ರವಿಲ್ಲದೆ ಕೈಹಾಕುವ ಧೈರ್ಯ ಯಾರಿಗಿದೆ?

ವಿರೋಧ

‘ಸ್ವಂತ ರಕ್ತ’ ಎಂಬ ಮಾತೇ ಅರ್ಧಸತ್ಯ. ಮರಳಿ ಬರುವುದು ಸಲೈನಿನಲ್ಲಿ ತೇಲುವ ಕೆಂಪು ಕಣಗಳು ಮಾತ್ರ. ಪ್ಲೇಟ್‌ಲೆಟ್‌ಗಳೂ ಹೆಪ್ಪುಗಟ್ಟಿಸುವ ಅಂಶಗಳೂ ತೊಳೆದ ನೀರಿನೊಂದಿಗೆ ಹೋಗಿರುತ್ತವೆ. ಚೀಲದ ಮೇಲೆ ಚೀಲ ಏರಿಸುತ್ತ, ಆ ಹೆಪ್ಪುಗಟ್ಟಿಸುವ ಅಂಶಗಳಿರುವ ಪ್ಲಾಸ್ಮಾ ಕೊಡಲು ಮರೆತರೆ ಗಾಯ ಜಿನುಗುವುದು ನಿಲ್ಲುವುದಿಲ್ಲ. ಕರುಳಿನ ಮಲ ಬೆರೆತಲ್ಲಿ, ಅಯೋಡಿನ್ ಸುರಿದಲ್ಲಿ, ಮೂಳೆ ಸಿಮೆಂಟ್ ಇನ್ನೂ ಗಟ್ಟಿಯಾಗದಲ್ಲಿ ಯಂತ್ರಕ್ಕೆ ರಕ್ತ ಹೀರುವ ನಳಿಗೆಯನ್ನು ದೂರವಿಡಬೇಕು. ಗೆಡ್ಡೆ ತೆಗೆಯುವಾಗ ಕ್ಯಾನ್ಸರ್ ಕಣಗಳು ಜತೆಗೆ ಬಂದಾವೆಂಬ ಅಳುಕಿಗೆ ವಿಶೇಷ ಫಿಲ್ಟರ್ ಬಳಸುತ್ತಾರಾದರೂ ಚರ್ಚೆ ಮುಗಿದಿಲ್ಲ. ಆತುರದಲ್ಲಿ ಗಾಳಿಯೊಂದಿಗೆ ನೊರೆನೊರೆಯಾಗಿ ಎಳೆದರೆ ಕಣಗಳೇ ಒಡೆಯುತ್ತವೆ.

ಸಿಸೇರಿಯನ್‌ನಲ್ಲಿ ಇದನ್ನು ವಾಡಿಕೆಯಾಗಿ ಬಳಸುವುದಂತೂ ಬೇಡ. ರಕ್ತಸ್ರಾವದ ಅಪಾಯವಿದ್ದ 3,000ಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಾಲ್ವೋ ಅಧ್ಯಯನದಲ್ಲಿ ದಾನಿಗಳ ರಕ್ತ ಬೇಕಾದವರು ಶೇ. 3.5ರಿಂದ 2.5ಕ್ಕಷ್ಟೇ ಇಳಿದರು, ಆ ವ್ಯತ್ಯಾಸ ಯಂತ್ರದಿಂದಲೇ ಬಂತೆಂದು ಖಚಿತವಾಗಿ ಹೇಳಲು ಅಂಕಿಅಂಶ ಸಾಲಲಿಲ್ಲ. ತಾಯಿಯ ರಕ್ತದ ಗುಂಪು ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ ಮಗುವಿನ ಕಣಗಳೂ ಬೆರೆತಿರುವ ಕಾರಣ, ಅವುಗಳ ವಿರುದ್ಧ ತಾಯಿಯ ದೇಹ ಪ್ರತಿಕಾಯ ಬೆಳೆಸದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದಿನ ಪ್ರಮಾಣವನ್ನು ಮತ್ತೆ ಲೆಕ್ಕಹಾಕಬೇಕು. ಕುಂದಾಪುರ, ಕಾರ್ಕಳದ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಈ ಯಂತ್ರ ನಡೆಸಬಲ್ಲ ಟೆಕ್ನಿಷಿಯನ್ ಸಿಗುವುದು ಕಷ್ಟ. ರಕ್ತಸ್ರಾವ ತಗ್ಗಿಸುವ ಅಗ್ಗದ ಔಷಧ ಟ್ರಾನೆಕ್ಸಾಮಿಕ್ ಆಮ್ಲದ ಆಂಪೂಲ್ ಒಡೆಯಲು ಡ್ಯೂಟಿ ನರ್ಸ್ ಸಾಕು.