ಎಲ್‌ಇಡಿ ಟಿವಿಯೂ ಎಲ್‌ಸಿಡಿಯೇ, ಪ್ಯಾನೆಲ್ ಯಾವುದು ಅಂತ ಕೇಳಿ
ಎಲ್‌ಸಿಡಿ ಬಿಟ್ಟು ಎಲ್‌ಇಡಿ ಟಿವಿ ತಗೊಳ್ಳಿ ಅಂತ ಲೇಖನದಲ್ಲಿ ಬರೆದಿದ್ದೀರಿ. ಅದೊಂದು ಮಾತು ತಿದ್ದಬೇಕು ಸರ್. ಕಡಿಮೆ ಬೆಲೆಯ ಎಲ್‌ಇಡಿ ಟಿವಿಯೂ ಎಲ್‌ಸಿಡಿಯೇ, ಅಂದರೆ ತಾನಾಗಿ ಬೆಳಗದ ಪರದೆ. ಪರದೆಗೆ ಹಿಂದಿನಿಂದ ಬೆಳಕು ಕೊಡೋದಕ್ಕೆ ಮೊದಲು ಸಣ್ಣ ಟ್ಯೂಬ್‌ಲೈಟ್‌ಗಳಿದ್ದವು, ಈಗ ಎಲ್‌ಇಡಿ ಇದೆ, ಅಷ್ಟೇ. ಕ್ಯೂಎಲ್‌ಇಡಿಯೂ ಹಾಗೇ, ಬಣ್ಣ ಚೆನ್ನಾಗಿ ಬರಲಿ ಅಂತ ಒಂದು ಪದರ ಜಾಸ್ತಿ. ಒಎಲ್‌ಇಡಿ ಮಾತ್ರ ಬೇರೆ ಜಾತಿ, ಅಲ್ಲಿ ಚಿತ್ರದ ಒಂದೊಂದು ಚುಕ್ಕಿಯೂ (ಪಿಕ್ಸೆಲ್) ತಾನೇ ಬೆಳಗುತ್ತದೆ.

ನಿಜವಾಗಿ ಕೇಳಬೇಕಾದ್ದು ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆ, ಯಾವುದು ಅಂತ. ಎಲ್‌ಸಿಡಿಯಲ್ಲಿ ವಿಎ, ಐಪಿಎಸ್ ಅಂತ ಎರಡು ಮುಖ್ಯ ಬಗೆ. ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) ಸಾಮಾನ್ಯವಾಗಿ 3000ಕ್ಕೆ 1 ಅಥವಾ ಇನ್ನೂ ಜಾಸ್ತಿ, ಐಪಿಎಸ್‌ನಲ್ಲಿ 1000ಕ್ಕೆ 1ರ ಆಸುಪಾಸು, ಹಾಗಾಗಿ ರಾತ್ರಿ ದೀಪ ಆರಿಸಿ ಸಿನಿಮಾ ನೋಡುವಾಗ ಐಪಿಎಸ್‌ನಲ್ಲಿ ಕಪ್ಪು ಬೂದಿಬಣ್ಣವಾಗಿ ಕಾಣುತ್ತದೆ. ಆದರೆ ವಿಎ ಪಕ್ಕದಿಂದ ನೋಡಿದರೆ ಬಣ್ಣ ಪೇಲವ. ನಮ್ಮನೆಯಲ್ಲಿರೋದು ವಿಎ, ಅಮ್ಮ ಕೂರೋದು ಮೂಲೆಯ ಕುರ್ಚಿಯಲ್ಲಿ. ನನಗೆ ಎದುರಿಂದ ಚೆನ್ನಾಗಿ ಕಾಣುವ ಮುಖಗಳು ಅವರಿಗೆ ಬಿಳಿಚಿಕೊಂಡ ಹಾಗೆ ಕಾಣುತ್ತವೆ. ಮೊದಲೇ ಗೊತ್ತಿದ್ದರೆ ಐಪಿಎಸ್ಸೇ ತರುತ್ತಿದ್ದೆ.

ಅಂಗಡಿಯಲ್ಲಿ ಒಂದು ಕತ್ತಲೆ ದೃಶ್ಯ ಹಾಕಿಸಿ, ಎದುರು ನಿಂತು ನೋಡಿ, ಆಮೇಲೆ ಪಕ್ಕಕ್ಕೆ ಸರಿದು ನೋಡಿ. ಎಚ್‌ಡಿಆರ್ (ತೀರಾ ಬೆಳಕು, ತೀರಾ ಕತ್ತಲೆ ಎರಡನ್ನೂ ಚೆನ್ನಾಗಿ ತೋರಿಸುವ ತಂತ್ರ) ಅನ್ನೋ ಸ್ಟಿಕ್ಕರ್ ನೋಡಿ ಸುಮ್ನೆ ನಂಬಬೇಡಿ, ಪರದೆಗೆ ಬೆಳಕೇ ಸಾಲದಿದ್ದರೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಅಲ್ವಾ?