ಕೇಳಿದ್ದು 12, ಬಂದದ್ದು 3

ಅಕ್ಕನ ಮಗಳ ಮದುವೆಗೆ ಎರಡು ಬಗೆಯ ಲಗ್ನಪತ್ರಿಕೆಗಳು ಅಚ್ಚಾದವು. ಬೆಂಗಳೂರಿನ ಆರತಕ್ಷತೆಯ ಪತ್ರಿಕೆಯಲ್ಲಿ ‘ತಮ್ಮ ಆಶೀರ್ವಾದವೇ ಉಡುಗೊರೆ’ ಎಂಬ ಸಾಲಿತ್ತು. ನ್ಯೂಜೆರ್ಸಿಯ ಮುಹೂರ್ತದ ಪತ್ರಿಕೆಯಲ್ಲಿ ಅದೇ ಜಾಗದಲ್ಲಿ ಒಂದು ವೆಬ್‌ಸೈಟಿನ ವಿಳಾಸವಿತ್ತು. ವಿಮಾನದಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ ಮಾತ್ರ ಎಂಬ ಕಟ್ಟಳೆ ಇರುವುದರಿಂದ, ತೂಕವೇ ಇಲ್ಲದ ಆಶೀರ್ವಾದವನ್ನು ಬೆಂಗಳೂರಿನವರಿಂದಲೂ, ತೂಕವುಳ್ಳದ್ದನ್ನೆಲ್ಲ ಅಲ್ಲಿಯವರಿಂದಲೂ ಪಡೆಯುವುದು ಜಾಣತನವೇ ಸರಿ.

ಮದುಮಕ್ಕಳು ತಮಗೆ ಬೇಕಾದದ್ದನ್ನು ಅಂಗಡಿಯಲ್ಲಿ ಬರೆಸಿಟ್ಟು, ನೆಂಟರು ಅದರಿಂದಲೇ ಆರಿಸಿ ಕೊಂಡುಕೊಡುವ ಉಡುಗೊರೆ ಪಟ್ಟಿಯ ವಿಷಯವನ್ನು ಲಗ್ನಪತ್ರಿಕೆಯ ಮೇಲೆ ಅಚ್ಚು ಹಾಕಿಸುವುದು ಅಮೆರಿಕದ ಶಿಷ್ಟಾಚಾರದ ಪ್ರಕಾರ ಅಸಭ್ಯವಂತೆ. ಆದ್ದರಿಂದ ವೆಬ್‌ಸೈಟಿನ ವಿಳಾಸವನ್ನಷ್ಟೇ ಹಾಕುತ್ತಾರೆ. ಒಳಗೆ ಹೋದರೆ ಮೊದಲು ಹುಡುಗ ಹುಡುಗಿಯ ಪ್ರೇಮಕಥೆ, ಅದರ ಪಕ್ಕದಲ್ಲೇ ಪಟ್ಟಿ. ನಾನು ಪ್ರೇಮಕಥೆಯನ್ನು ಅರ್ಧಕ್ಕೇ ಬಿಟ್ಟು ಪಟ್ಟಿಗೆ ಬಂದೆ. ಒಟ್ಟು 87 ವಸ್ತುಗಳಿದ್ದವು. ಒಂದೊಂದರ ಎದುರಿಗೂ ಬೆಲೆ, ಬೇಕಾದ ಸಂಖ್ಯೆ, ಬಂದಿರುವ ಸಂಖ್ಯೆ. ಊಟದ ತಟ್ಟೆ: ಕೇಳಿದ್ದು 12, ಬಂದದ್ದು 3. ನಮ್ಮೂರಿನ ನ್ಯಾಯಬೆಲೆ ಅಂಗಡಿಯ ದಾಸ್ತಾನು ಫಲಕವೂ ಇಷ್ಟು ನಿಷ್ಠುರವಾಗಿ ಸತ್ಯ ಹೇಳಿದ್ದನ್ನು ನಾನು ಕಂಡಿಲ್ಲ.

ಈ ಪದ್ಧತಿಗೆ ನೂರು ವರ್ಷದ ಇತಿಹಾಸವಿದೆ. 1924ರಲ್ಲಿ ಷಿಕಾಗೋದ ಮಾರ್ಷಲ್ ಫೀಲ್ಡ್ಸ್ ಎಂಬ ದೊಡ್ಡ ಅಂಗಡಿ ಇದನ್ನು ಶುರುಮಾಡಿತೆಂಬುದು ಪ್ರತೀತಿ. 1993ರಲ್ಲಿ ಟಾರ್ಗೆಟ್ ಅಂಗಡಿಯವರು ಜೋಡಿಗಳ ಕೈಗೇ ಬೆಲೆಚೀಟಿಯ ಬಾರ್‌ಕೋಡ್ ಓದಿ ವಸ್ತುವನ್ನು ಪಟ್ಟಿಗೆ ಸೇರಿಸುವ ‘ಬಂದೂಕ’ನ್ನು ಕೊಟ್ಟರು. ಸ್ವಯಂವರದಲ್ಲಿ ಬಿಲ್ಲು ಹಿಡಿದವನು ಹುಡುಗಿಯನ್ನು ಗೆಲ್ಲುತ್ತಿದ್ದ. ಇಲ್ಲಿ ಹುಡುಗಿಯನ್ನು ಗೆದ್ದಾದ ಮೇಲೆ ಇಬ್ಬರೂ ಬಂದೂಕು ಹಿಡಿದು ಕುಕ್ಕರು, ಟವೆಲು, ದೀಪಗಳಿಗೆ ಗುರಿಯಿಡುತ್ತಾರೆ.

ಆ ಬೇಟೆಗೆ ನಾನೂ ಸಾಕ್ಷಿಯಾಗಿದ್ದೆ. ಕಳೆದ ವರ್ಷ ಅಲ್ಲಿಗೆ ಹೋಗಿದ್ದಾಗ ಊಟದ ತಟ್ಟೆಗಳನ್ನು ಆರಿಸಲು ಅಕ್ಕ, ಭಾವ, ಮದುವಣಗಿತ್ತಿಯರೊಡನೆ ನನ್ನನ್ನೂ ಒಂದು ಅಂಗಡಿಗೆ ಕರೆದೊಯ್ದರು. ಅಲ್ಲಿ ಒಬ್ಬರ ಊಟಕ್ಕೆ ಐದು ಪಾತ್ರೆಯ ಲೆಕ್ಕ: ದೊಡ್ಡ ತಟ್ಟೆ, ಸೊಪ್ಪಿನ ತಟ್ಟೆ, ಬ್ರೆಡ್ಡಿನ ತಟ್ಟೆ, ಕಪ್ಪು, ಸಾಸರು. ಅಕ್ಕ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು, ಬೋರಲು ಮಾಡಿ, ಪಾತ್ರೆ ಅಂಗಡಿಯ ಅಭ್ಯಾಸದಂತೆ ಬೆರಳಗೆಣ್ಣಿನಿಂದ ತಟ್ಟಿ ನೋಡಿದಳು. ಕಂಚಿನ ಹಾಗೆ ದನಿ ಬಂತು. ಮೊಟ್ಟೆ ಹಾಕಿದ ಕೇಕು ಮನೆಗೆ ಬಂದರೆ ಬೇರೆ ಚಮಚ ಹುಡುಕುವ ನಮ್ಮಕ್ಕ ಅಷ್ಟು ಹೊತ್ತೂ ‘ಬೋನ್ ಚೈನಾ’ ಎಂಬುದರಲ್ಲಿನ ಬೋನ್ ಒಂದು ಬಣ್ಣದ ಹೆಸರೆಂದೇ ತಿಳಿದಿದ್ದಳು. ಅದರ ಸಾಂಪ್ರದಾಯಿಕ ಪಾಕದಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಸುಟ್ಟ ಮೂಳೆಯ ಬೂದಿಯೇ ಇರುತ್ತದೆಂದೂ, ಅದು ಬಹುಮಟ್ಟಿಗೆ ದನದ್ದೆಂದೂ ಅಂಗಡಿಯಾಕೆ ಹೆಮ್ಮೆಯಿಂದ ವಿವರಿಸಿದಾಗ, ಅಕ್ಕ ತಟ್ಟೆಯನ್ನು ಕಾದ ಬಾಣಲೆಯಂತೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಭಾವನವರು ಮಾತ್ರ ಧೃತಿಗೆಡಲಿಲ್ಲ. “ಬೆಂಕೀಲಿ ಬಿದ್ದು ಬೂದಿ ಆದ್ಮೇಲೆ ಅದು ಭಸ್ಮ ಕಣೇ, ಭಸ್ಮಕ್ಕೆ ಎಲ್ಲಿಯ ಮೈಲಿಗೆ?” ಎಂದರು. ಅಕ್ಕ ಉತ್ತರ ಕೊಡುವ ಮೊದಲೇ ಮಗಳ ಬಂದೂಕು ‘ಪೀಂ’ ಎಂದಿತು. 12 ಜನರ ಸೆಟ್ಟು ಪಟ್ಟಿಗೆ ಸೇರಿತು. ಮನೆಯಲ್ಲಿ ಊಟಕ್ಕೆ ಕೂರುವವರು ಇಬ್ಬರು, ಅವರೂ ವಾರದಲ್ಲಿ ನಾಲ್ಕು ದಿನ ಹೋಟೆಲಿನ ಡಬ್ಬಿಯಲ್ಲೇ ಉಣ್ಣುವವರು.

ಪಟ್ಟಿ ಉದ್ದವಾದಷ್ಟೂ ಲಾಭವೆಂಬುದು ಆಮೇಲೆ ತಿಳಿಯಿತು. ಮದುವೆಯ ನಂತರ ಯಾರೂ ಕೊಳ್ಳದೆ ಉಳಿದದ್ದನ್ನು ದಂಪತಿಗಳೇ ಕೊಂಡರೆ ಅಂಗಡಿಯವರು ರಿಯಾಯಿತಿ ಕೊಡುತ್ತಾರೆ. ಬೇಡವೆನಿಸಿದ ಉಡುಗೊರೆಯನ್ನು ಹಿಂತಿರುಗಿಸಿದರೆ ಅದರ ಮೊತ್ತವನ್ನು ಇವರ ಖಾತೆಗೆ ಜಮಾ ಮಾಡುತ್ತಾರೆ.

ಇದನ್ನೆಲ್ಲ ನೋಡಿ ನಮ್ಮವರು ಪಟ್ಟಿ ಬರೆಯುವುದರಲ್ಲಿ ಹಿಂದೆಂದು ಯಾರೂ ಭಾವಿಸಬಾರದು. ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ 1985ರಲ್ಲಿ ಬಂದ ನಿಯಮಗಳ ಪ್ರಕಾರ, ಮದುವೆಯಲ್ಲಿ ಬಂದ ಪ್ರತಿಯೊಂದು ಉಡುಗೊರೆಯ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ನೆಂಟರಾಗಿದ್ದರೆ ಯಾವ ನೆಂಟಸ್ತಿಕೆ ಎಂಬುದನ್ನೆಲ್ಲ ವಧುವಿನದೊಂದು, ವರನದೊಂದು ಪಟ್ಟಿಯಾಗಿ ಬರೆದಿಟ್ಟು, ಇಬ್ಬರೂ ಸಹಿ ಹಾಕಬೇಕು. ನಾನು ಉಂಡು ಬಂದ ನೂರಾರು ಮದುವೆಗಳಲ್ಲಿ ಅಂಥ ಒಂದು ಪಟ್ಟಿಯನ್ನೂ ಕಂಡಿಲ್ಲ. ಕೇಳಿದವನನ್ನು ಮರುಕ್ಷಣವೇ ಎಲೆಯಿಂದ ಎಬ್ಬಿಸುತ್ತಾರೆಂಬ ಭಯದಿಂದ ಕೇಳಿಯೂ ಇಲ್ಲ. ಬಂದದ್ದನ್ನು ಬರೆದಿಡಿ ಎಂದು ಸರ್ಕಾರವೇ ಹೇಳಿದರೆ ಪೆನ್ನು ಸಿಗುವುದಿಲ್ಲ. ಬರಬೇಕಾದದ್ದನ್ನು ಬರೆಯುವುದಕ್ಕೆ ಬಂದೂಕೇ ಸಿಗುತ್ತದೆ.

ಸಹಿಯಿಲ್ಲದಿದ್ದರೂ ಮುಯ್ಯಿಯ ಪುಸ್ತಕವೊಂದು ನಮ್ಮಲ್ಲಿತ್ತು. ಚಪ್ಪರದ ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು, ಇಂಥ ಊರಿನ ಇಂಥವರು 101 ರೂಪಾಯಿ ಎಂದು ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಓದುತ್ತಿದ್ದರು. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಅದೇ ಪುಸ್ತಕ ತೆಗೆದು, ಅದಕ್ಕಿಷ್ಟು ಸೇರಿಸಿ ಹಿಂತಿರುಗಿಸುತ್ತಿದ್ದರು. ಕನ್ನಡದಲ್ಲಿ ಮುಯ್ಯಿ ಎಂದರೆ ಉಡುಗೊರೆಯೂ ಹೌದು, ಸೇಡೂ ಹೌದು. ಅದರಲ್ಲಿ ಮುಚ್ಚುಮರೆಯಿರಲಿಲ್ಲ. ಹೆಸರು ಕೊರೆಸಿಕೊಟ್ಟ ಸ್ಟೀಲಿನ ಪಾತ್ರೆಗಳೂ ಮನೆಯಿಂದ ಮನೆಗೆ ಸುತ್ತುತ್ತಲೇ ಇದ್ದವು. ನಾನು ದಿನವೂ ನೀರು ಕುಡಿಯುವ ಚೊಂಬಿನ ಮೇಲೆ ನಾನು ಕಂಡು ಕೇಳಿಲ್ಲದ ಯಾರೋ ದಂಪತಿಗಳ ಹೆಸರೂ 1978ರ ತಾರೀಖೂ ಇದೆ.

ನಾನು ಪಟ್ಟಿ ತೆರೆಯುವಷ್ಟರಲ್ಲಿ ಅಗ್ಗದವನ್ನೆಲ್ಲ ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡುವ ನೆಂಟರು ಮುಗಿಸಿಬಿಟ್ಟಿದ್ದರು. ಉಳಿದದ್ದರಲ್ಲಿ ಕೈಗೆಟುಕಿದ್ದು 42 ಡಾಲರಿನ ಒಂದು ದೋಣಿ. ಮಾಂಸದ ಮೇಲೆ ಗೊಜ್ಜು ಸುರಿಯಲು ಬಳಸುವ, ಒಂದು ಕಡೆ ಮೂತಿ, ಇನ್ನೊಂದು ಕಡೆ ಹಿಡಿಯಿರುವ, ‘ಗ್ರೇವಿ ಬೋಟ್’ ಎಂಬ ಪಿಂಗಾಣಿಯ ಪಾತ್ರೆಯದು. ಕೊಂಡೆ. ತಿಂಗಳಾದ ಮೇಲೆ ನನ್ನ ಸುಂದರ ದೋಣಿಯನ್ನು ಹೊಗಳಿ ಕೃತಜ್ಞತೆಯ ಕಾರ್ಡು ಬಂತು. ದೋಣಿ ಅಷ್ಟರಲ್ಲಾಗಲೇ ಅಂಗಡಿಗೆ ಮರಳಿ, ಟವೆಲುಗಳಾಗಿ ಅವತಾರ ಬದಲಿಸಿತ್ತೆಂದು ಅಕ್ಕನಿಂದ ತಿಳಿಯಿತು.

ಮೊನ್ನೆ ಮದುಮಗಳೇ ಫೋನು ಮಾಡಿದ್ದಳು. “ಮಾಮ, ಆ ತಟ್ಟೆಗಳಿಗೆ ಅಂಚೇ ಇಲ್ಲ, ಸಾರೆಲ್ಲ ಟೇಬಲ್ ಮೇಲೆ ಹರಿಯುತ್ತೆ. ಈ ಸಲ ಬರುವಾಗ ಅಂಚಿರೋ ಸ್ಟೀಲ್ ತಟ್ಟೆ ಎರಡು ತನ್ನಿ. ಹೆಸರು ಮಾತ್ರ ಕೊರೆಸ್ಬೇಡಿ, ಆಮೇಲೆ ಯಾರಿಗೂ ಕೊಡೋಕಾಗಲ್ಲ.”